ಬಾಲ ಕತ್ತರಿಸುವವನೂ ಹತ್ತನೆಯ ಹಾಡೂ

ಯಾವ ಬರಹ ಕೈಗೆ ಬಂದರೂ ನನ್ನ ಕಣ್ಣು ಮೊದಲು ಹೋಗುವುದು ಅದರ ಬಾಲಕ್ಕೆ. ಓದುವುದಕ್ಕಲ್ಲ, ಕತ್ತರಿಸುವುದಕ್ಕೆ. ಪುಣೆಯ ಒಂದು ಪತ್ರಿಕೆಯ ಸುದ್ದಿಮೇಜಿನಲ್ಲಿ ಮೂವತ್ತೈದು ವರ್ಷ ಕೂತೆದ್ದವನಿಗೆ ನಿವೃತ್ತಿಯ ನಂತರ ಉಳಿದಿರುವುದು ಈ ಚಟವೊಂದೇ. ಮದುವೆಯ ಕರೆಯೋಲೆಯಲ್ಲಿ ಮುಹೂರ್ತದಿಂದ ಕೆಳಗಿನದು ನನಗೆ ಕಾಣುವುದಿಲ್ಲ. ಒಮ್ಮೆ ಹೆಂಡತಿ ಒಲೆಯ ಮುಂದೆ ನಿಂತು, ಪುಸ್ತಕದಲ್ಲಿದ್ದ ಅಡುಗೆಯ ಕ್ರಮವನ್ನು ಗಟ್ಟಿಯಾಗಿ ಓದಿ ಎಂದಳು. ಓದಿದೆ. ಊಟಕ್ಕೆ ಕೂತಾಗ ತಿಳಿಯಿತು, ನಾನು ಬಿಟ್ಟ ಕೊನೆಯ ಸಾಲಿನಲ್ಲಿ ‘ರುಚಿಗೆ ತಕ್ಕಷ್ಟು ಉಪ್ಪು’ ಇತ್ತು.

ಕಸುಬು ಕಲಿಸಿದ್ದೇ ಹಾಗೆ. ಸುದ್ದಿಯಲ್ಲಿ ಮುಖ್ಯವಾದದ್ದು ಮೊದಲು, ಅದಕ್ಕಿಂತ ಕಡಿಮೆ ಮುಖ್ಯವಾದದ್ದು ಆಮೇಲೆ, ಇದ್ದರೂ ಇರದಿದ್ದರೂ ನಡೆಯುವಂಥದ್ದು ಕೊನೆಗೆ. ತಂತಿಯ ಕಾಲದಲ್ಲಿ ನಡುವೆ ಸಂಪರ್ಕ ಕಡಿದುಹೋದರೂ ಮುಖ್ಯ ಸಂಗತಿ ಮುಟ್ಟಿರಲಿ ಎಂದು ಈ ಪದ್ಧತಿ ಬಂತು ಎನ್ನುತ್ತಾರೆ. ತಂತಿ ಹೋಯಿತು, ಪದ್ಧತಿ ಉಳಿಯಿತು. ಜಾಹೀರಾತು ಬಂದು ಜಾಗ ಕಿರಿದಾದಾಗ ಕಣ್ಣುಮುಚ್ಚಿ ಬುಡದಿಂದ ಕತ್ತರಿಸಬಹುದು. ಯಾರ ಜೀವವೂ ಹೋಗುವುದಿಲ್ಲ.

ಹಾಗೆಂದು ನಾನು ನಂಬಿದ್ದೆ, ನನ್ನ ಅಕ್ಕನ ಮಗ ವರದ ತನ್ನ ಮೊದಲ ಆಲ್ಬಮ್ ತಂದು ನನ್ನ ಕೈಗಿಡುವವರೆಗೆ.

ವರದನಿಗೂ ನನ್ನ ಕತ್ತರಿಗೂ ಹಳೆಯ ನಂಟು. ನಮ್ಮ ವಿಜಯಪುರದ ಕಡೆ ಮಗುವಿಗೆ ಜಾವಳ ತೆಗೆಯುವಾಗ ಸೋದರಮಾವನ ತೊಡೆಯ ಮೇಲೆ ಕೂರಿಸುತ್ತಾರೆ. ಮೊದಲ ಕೂದಲು ಕತ್ತರಿಸುವ ಹಕ್ಕು ಮಾವನದು. ಶಾಸ್ತ್ರಕ್ಕೆ ಒಂದು ಎಳೆ ಸಾಕು. ಆ ವಾರವಷ್ಟೇ ನನಗೆ ಮುಖಪುಟದ ಹೊಣೆ ಕೊಟ್ಟಿದ್ದರು. ಆ ಹುರುಪಿನಲ್ಲಿ ಒಂದು ಹಿಡಿ ಕತ್ತರಿಸಿಬಿಟ್ಟೆ. ಫೋಟೋದಲ್ಲಿ ಮಗು ಒಂದು ಪಕ್ಕಕ್ಕೆ ಬೋಳಾಗಿ ಅಳುತ್ತಿದೆ. ನಾನು ಗೆದ್ದವನಂತೆ ನಗುತ್ತಿದ್ದೇನೆ.

ಆಲ್ಬಮ್ಮಿನ ಹೆಸರು ‘ಏಕ್ ತೇ ಚಾರ್’, ಅಂದರೆ ಒಂದರಿಂದ ನಾಲ್ಕು. ಪುಣೆಯವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಇಲ್ಲಿಯ ಹಳೆಯ ಅಂಗಡಿಗಳ ಬಾಗಿಲಲ್ಲಿ ತೂಗುವ ಹಲಗೆ ಅದು: ಮಧ್ಯಾಹ್ನ ಒಂದರಿಂದ ನಾಲ್ಕು ಬಂದ್. ಆ ಹೊತ್ತಿನಲ್ಲಿ ಊರು ಕಣ್ಣು ಮುಚ್ಚುತ್ತದೆ. ಚಿಂಚವಾಡದಲ್ಲಿ ಅಕ್ಕನ ಮನೆಯಿರುವ ಕಾಲನಿಯಲ್ಲಿ ಫ್ಯಾನು ತಿರುಗುವ ಸದ್ದು, ದೂರದಲ್ಲಿ ಲೋಕಲ್ ರೈಲು ಹೋದ ಸದ್ದು, ಯಾರದೋ ಬಾಲ್ಕನಿಯಲ್ಲಿ ಒದ್ದೆ ಸೀರೆ ಗಾಳಿಗೆ ಉಬ್ಬಿ ತಗ್ಗುವ ಸದ್ದು, ಇಷ್ಟೇ. ಆ ಮೂರು ತಾಸಿನಲ್ಲಿ ವರದ ಕಪಾಟಿನ ಬಾಗಿಲು ತೆರೆದು, ಸುತ್ತ ದುಪ್ಪಟಿ ತೂಗುಹಾಕಿ, ಅದರೊಳಗೆ ಕೂತು ಹಾಡಿ ಧ್ವನಿಮುದ್ರಿಸಿಕೊಂಡಿದ್ದ. ಇದಕ್ಕೆ ಇಂಡೀ ಪಾಪ್ ಎನ್ನುತ್ತಾರಂತೆ. ಕಂಪನಿ ಇಲ್ಲ, ಸ್ಟುಡಿಯೋ ಇಲ್ಲ, ಎಲ್ಲ ತಮ್ಮದೇ. ಸಂಪಾದಕನೂ ಮುದ್ರಕನೂ ಹಂಚುವವನೂ ಒಬ್ಬನೇ ಆಗಿದ್ದ ಸಣ್ಣ ಊರಿನ ವಾರಪತ್ರಿಕೆಗಳನ್ನು ಕಂಡಿದ್ದ ನನಗೆ ಇದು ಸುಲಭವಾಗಿ ತಿಳಿಯಿತು. ತನ್ನನ್ನು ಪರಿಚಯಿಸುವ ಎರಡು ಸಾಲಿನಲ್ಲಿ ಅವನು ‘ಕ್ವೀರ್ ಸಂಗೀತಗಾರ’ ಎಂದು ಬರೆದುಕೊಂಡಿದ್ದ. ಅದೂ, ಅಂದರೆ ಅವನ ಒಲವು ಗಂಡಸರ ಕಡೆಗೆ ಎಂಬುದೂ, ತಿಳಿಯಿತು. ತಿಳಿದದ್ದನ್ನು ಪ್ರಕಟಿಸಲೇಬೇಕು ಎಂಬ ನಿಯಮವಿಲ್ಲ ಎಂದುಕೊಂಡೆ.

ಬಂದ್ ಎಂಬ ಹಲಗೆ ಅವನು ಸುಮ್ಮನೆ ಆರಿಸಿದ್ದಲ್ಲ. ಎರಡು ವರ್ಷದ ಹಿಂದೆ ಅವನೇ ಬಂದ್ ಆಗಿದ್ದ. ಹನ್ನೊಂದು ತಿಂಗಳು ಕೋಣೆಯ ಪರದೆ ಸರಿಯಲಿಲ್ಲ. ಕೆಲಸ ಬಿಟ್ಟ, ಗಿಟಾರು ಮುಟ್ಟಲಿಲ್ಲ. ಭಾವ ತೀರಿಕೊಂಡು ಆಗಲೇ ಕೆಲವು ವರ್ಷವಾಗಿತ್ತು. ಮನೆಯಲ್ಲಿ ಅಕ್ಕ ಒಬ್ಬಳೇ. ಅವಳು ದಿನಕ್ಕೆ ಮೂರು ಸಲ ಬಾಗಿಲ ಹೊರಗೆ ನೆಲದ ಮೇಲೆ ಚಹಾ ಇಟ್ಟು, ಆರದಂತೆ ಸಾಸರನ್ನು, ನಮ್ಮ ಮಾತಿನಲ್ಲಿ ಬಶಿಯನ್ನು, ಮೇಲೆ ಮುಚ್ಚಿ ಬರುತ್ತಿದ್ದಳು. ಕೆಲವು ದಿನ ಕಪ್ಪು ಖಾಲಿಯಾಗಿರುತ್ತಿತ್ತು, ಕೆಲವು ದಿನ ಇಲ್ಲ. ಮನಸ್ಸಿನ ಡಾಕ್ಟರ ಹತ್ತಿರ ಹೋದದ್ದು, ಗುಳಿಗೆ ಹಿಡಿದದ್ದು, ನಿಧಾನವಾಗಿ ಪರದೆ ಒಂದು ಗೇಣು ಸರಿದದ್ದು, ಎಲ್ಲ ಆಮೇಲಿನ ಮಾತು.

ಆ ಕಾಲದಲ್ಲಿ ಬಂಧುಗಳಿಗೆ ಏನು ಹೇಳುವುದು ಎಂಬ ಪ್ರಶ್ನೆ ಬಂತು. ಎರಡು ಮೂಲಗಳಿಂದ ಖಚಿತವಾಗದೆ ನಗರಪಾಲಿಕೆಯ ನಲ್ಲಿ ಒಡೆದ ಸುದ್ದಿಯನ್ನೂ ಬಿಡದಿದ್ದ ನಾನು, ಕುಟುಂಬದ ಫೋನ್ ಗುಂಪಿಗೆ ಒಂದೇ ಸಾಲು ಬರೆದೆ: ‘ವರದನಿಗೆ ಕಾಮಣಿ ಆಗಿದೆ, ವಿಶ್ರಾಂತಿ ಬೇಕು.’ ನನ್ನ ಜೀವಮಾನದ ಏಕೈಕ ಸುಳ್ಳು ವರದಿ. ಅದರ ಪರಿಣಾಮ ಮೂರನೆಯ ದಿನವೇ ಬಂತು. ಇಂದಾಪುರದಲ್ಲಿರುವ ನಮ್ಮ ಚಿಕ್ಕಮ್ಮ ಶಾರದಾ ಮೌಶಿ, ಎಪ್ಪತ್ತೈದು ದಾಟಿದವಳು, ಸರಕಾರಿ ಬಸ್ಸಿನಲ್ಲಿ ನಿಂತು ಬಂದು, ಕಾಮಣಿಗೆ, ಅಂದರೆ ಕಾಮಾಲೆಗೆ, ರಾಮಬಾಣವೆಂದು ನೆಲನೆಲ್ಲಿ ಸೊಪ್ಪಿನ ಕಟ್ಟು ಇಳಿಸಿದಳು. ನಾಲ್ಕು ದಿನ ನಿಂತು ಅರೆದು ಕುಡಿಸಿದಳು. ಹುಡುಗ ಬಾಗಿಲ ಸಂದಿಯಿಂದ ಲೋಟ ಇಸಿದುಕೊಂಡು ಕಣ್ಣುಮುಚ್ಚಿ ಕುಡಿದ. ಅವನಿಗಿಲ್ಲದ ರೋಗಕ್ಕೆ ನಾನು ಕೊಡಿಸಿದ ಕಹಿ ಅದು.

ಆ ತಿಂಗಳುಗಳಲ್ಲಿ ಇನ್ನೊಬ್ಬ ಬರುತ್ತಿದ್ದ. ಅನಿಕೇತ, ಮರಾಠಿ ಹುಡುಗ. ಊರಿನ ಇನ್ನೊಂದು ತುದಿ, ಹಡಪಸರದ ಯಾವುದೋ ಆಫೀಸಿನಲ್ಲಿ ಕೆಲಸ. ಸಂಜೆ ಬೈಕಿನಲ್ಲಿ ಬಂದು, ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಒಂದು ತಾಸು ಕೂತು, ಏನೂ ಮಾತಾಡದೆ ಎದ್ದು ಹೋಗುತ್ತಿದ್ದ. ಗೆಳೆಯ ಎಂದಿದ್ದರು, ನಾನೂ ಹಾಗೇ ಬರೆದುಕೊಂಡೆ. ಆದರೆ ಸಂಜೆ ಆರರ ಹೊತ್ತಿಗೆ ಹಡಪಸರದಿಂದ ಚಿಂಚವಾಡಕ್ಕೆ ಒಮ್ಮೆ ಬಂದು ನೋಡಿ. ಬರೀ ಗೆಳೆತನಕ್ಕಾಗಿ ಆ ಟ್ರಾಫಿಕ್ಕಿನಲ್ಲಿ ಯಾರೂ ದಿನಾ ಬರುವುದಿಲ್ಲ. ಇಷ್ಟು ದೊಡ್ಡ ಸುಳಿವು ಕಣ್ಣೆದುರಿಗಿದ್ದೂ ಬೆನ್ನು ಹತ್ತದ ವರದಿಗಾರನಿಗೆ ನಾನೇ ಆಗಿದ್ದರೆ ವರ್ಗಾವಣೆ ಮಾಡಿಸುತ್ತಿದ್ದೆ.

ಆಲ್ಬಮ್ಮಿನಲ್ಲಿ ಹತ್ತು ಹಾಡುಗಳಿದ್ದವು. ಬಿಡುಗಡೆಗೆ ಎರಡು ವಾರ ಮೊದಲು ವರದ ನನ್ನ ಮನೆಗೆ ಬಂದ.

“ಮಾಮಾ, ನೀವು ಕೇಳ್ರಿ. ಏನರ ತಗೀಬೇಕು ಅನಸಿದ್ರ ಸ್ಪಷ್ಟ ಹೇಳ್ರಿ. ಕತ್ರಿ ನಿಮ್ಮದೇ ಅಲ್ಲೇನು, ಮೊದಲಿಂದ?”

ಕೇಳಿದೆ, ಪೆನ್ನು ಹಿಡಿದುಕೊಂಡೇ. ಒಂಬತ್ತು ಹಾಡು ಹಿಂದಿ, ಇಂಗ್ಲಿಷಿನಲ್ಲಿದ್ದವು. ಮಂಜಿನೊಳಗೆ ಸೈಕಲ್ ಹೋದಂತೆ ಮೆಲ್ಲಗೆ ಸಾಗುವ ರಾಗಗಳು. ಪ್ರೀತಿ, ನಿದ್ದೆ, ಗುಳಿಗೆ, ಮತ್ತೆ ಪ್ರೀತಿ. ಯಾರನ್ನು ಕುರಿತದ್ದೂ ಆಗಬಹುದು. ಹತ್ತನೆಯದು ಮಾತ್ರ ಕನ್ನಡದಲ್ಲಿತ್ತು, ನಮ್ಮ ಮನೆಯ ಕನ್ನಡದಲ್ಲಿ.

ಬಾಗಲದಾಗ ಇಬ್ರು ಕುಂತಾರ,
ಒಬ್ಬಾಕಿ ಕೈಯಾಗ ಚಾ,
ಅನಿಕೇತನ ಕೈಯಾಗ ಏನೂ ಇಲ್ಲ.
ನಾ ಒಳಗ ಅದೀನಿ, ಹೋಗಬ್ಯಾಡ್ರಿ.

ಆಮೇಲೆ ಅರ್ಧ ನಿಮಿಷ ಬರೀ ಮೌನ. ಮೌನದ ನಡುವೆ ನೆಲಕ್ಕೆ ಏನೋ ತಾಗಿದಂತೆ ಟಣ್ ಎಂದು ಒಂದು ಸಣ್ಣ ಸದ್ದು. ನಾನು ಬರೆದುಕೊಂಡೆ: ‘ಹತ್ತನೆಯದು, ಹೊರಗಿನ ಸದ್ದು ಸೇರಿದೆ, ದೋಷ.’ ಅದರ ಕೆಳಗೆ: ‘ಪೂರ್ತಿ ಕೈಬಿಡಬಹುದು.’

“ಒಂಬತ್ತು ಸಾಕು” ಎಂದೆ. “ಕೊನೇದು ಬ್ಯಾಡ. ಈ ಊರಾಗ ಕನ್ನಡ ಹಾಡು ಯಾರಿಗೆ ತಿಳೀತದ?”

ಕಾಫಿಗೆ ಸಕ್ಕರೆ ಎಷ್ಟು ಎಂಬುದಕ್ಕೂ ವಾದ ಹೂಡುವ ಹುಡುಗ ಅಂದು ವಾದಿಸಲಿಲ್ಲ. “ಬರೋಬರ್ ಅದ ಮಾಮಾ” ಎಂದು ಚಪ್ಪಲಿ ಮೆಟ್ಟಿ ಹೊರಟುಹೋದ.

ಅಂದು ಮಧ್ಯಾಹ್ನ ನಾನೂ ಪುಣೆಯವನಂತೆ ಮಲಗಿದೆ. ಕನಸಿನಲ್ಲಿ ನನ್ನ ಹಳೆಯ ಮೇಜು. ಮೇಲಿನಿಂದ ಕಾಗದ ಇಳಿಯುತ್ತಲೇ ಇದೆ, ನಾನು ಬುಡದಿಂದ ಕತ್ತರಿಸುತ್ತಲೇ ಇದ್ದೇನೆ. ಕೆಳಗೆ ಬಿದ್ದ ತುಂಡುಗಳೆಲ್ಲ ಸಣ್ಣ ದನಿಯಲ್ಲಿ ಹಾಡುತ್ತಿವೆ. ಬಗ್ಗಿ ನೋಡಿದರೆ ಎಲ್ಲವೂ ಹೆಸರುಗಳು. ಎಚ್ಚರವಾದಾಗ ಮೂರೂವರೆ. ಪಕ್ಕದ ಮನೆಯ ರೇಡಿಯೋದಲ್ಲಿ ಯಾರೋ ಅಭಂಗ ಹಾಡುತ್ತಿದ್ದರು, ಕೊನೆಯ ಚರಣಕ್ಕೆ ಬಂದಿದ್ದರು. ಅಭಂಗ ಕಟ್ಟಿದವನು ತನ್ನ ಹೆಸರು ಹೇಳಿಕೊಳ್ಳುವುದು ಅಲ್ಲಿಯೇ. ನಮ್ಮ ವಚನದಲ್ಲಿ ಅಂಕಿತ ಬರುವುದೂ ಕೊನೆಗೆ, ದಾಸರ ಪದದಲ್ಲಿ ಮುದ್ರಿಕೆ ಬರುವುದೂ ಕೊನೆಗೆ. ಯಾರಿಗಾಗಿ ಹಾಡಿದೆ, ಹಾಡಿದವನು ಯಾರು, ಎಂಬ ಮಾತನ್ನು ಎಲ್ಲ ಹೇಳಿ ಮುಗಿಸಿದ ಮೇಲೆ ಮೆಲ್ಲಗೆ ಇಡುವುದು ಈ ಕಡೆಯ ಪದ್ಧತಿ. ಜಾಗ ಸಾಲದೆಂದು ನಾನು ವಚನವನ್ನು ಬುಡದಿಂದ ಕತ್ತರಿಸಿದ್ದರೆ ಮೊದಲು ಬೀಳುತ್ತಿದ್ದವನು ದೇವರು.

ಹಾಸಿಗೆಯಲ್ಲೇ ಕೂತು ಇನ್ನೊಂದು ವಿಷಯವನ್ನೂ ಒಪ್ಪಿಕೊಂಡೆ. ಕನ್ನಡ ಯಾರಿಗೂ ತಿಳಿಯುವುದಿಲ್ಲ ಎಂದು ಆ ಹಾಡು ತೆಗೆಸಿರಲಿಲ್ಲ. ತಿಳಿಯುವವಳು ಒಬ್ಬಳಿದ್ದಾಳೆ ಎಂದು ತೆಗೆಸಿದ್ದೆ. ಒಂಬತ್ತು ಹಾಡು ಅಕ್ಕನ ತಲೆಯ ಮೇಲಿಂದ ಹೋಗುತ್ತವೆ, ಹತ್ತನೆಯದು ನೇರ ಅಡುಗೆಮನೆಗೆ ಹೋಗುತ್ತದೆ. ಹುಡುಗ ನನ್ನ ಹತ್ತಿರ ಬಂದದ್ದು ಹಾಡುಗಳ ಲೆಕ್ಕ ಕೇಳುವುದಕ್ಕಲ್ಲ. ಅಮ್ಮನ ಮುಂದೆ ತಾನು ಇದ್ದಂತೆ ನಿಲ್ಲಬಹುದೇ ಎಂದು ಕೇಳಲು ಬಂದಿದ್ದ. ಬೇಡ ಎಂದಿದ್ದೆ, ಪೆನ್ನಿನಲ್ಲಿ. ಇಷ್ಟೆಲ್ಲ ಒಪ್ಪಿಕೊಂಡವನು ಅವನಿಗೊಂದು ಫೋನು ಮಾಡಿದೆನೇ? ಇಲ್ಲ. ನಾಳೆ ಮಾಡೋಣ ಎಂದುಕೊಂಡೆ. ಎರಡು ನಾಳೆ ಕಳೆದವು.

ಆ ಭಾನುವಾರ ಅಕ್ಕ ಊಟಕ್ಕೆ ಕರೆದಳು. ಊಟವಾದ ಮೇಲೆ ಮಗನ ಹಾಡು ಕೇಳುವ ಕಾರ್ಯಕ್ರಮ. ಅನಿಕೇತನೂ ಇದ್ದ, ಗೋಡೆಗೊರಗಿ ನೆಲದ ಮೇಲೆ. ಆ ಮನೆಯಲ್ಲಿ ಅವನಿಗೆ ಕುರ್ಚಿ ರೂಢಿಯಾಗಿಲ್ಲ. ಅಕ್ಕ ಮೂವತ್ತು ವರ್ಷ ಕಾರ್ಖಾನೆಯ ಟೈಮ್ ಆಫೀಸಿನಲ್ಲಿದ್ದವಳು. ಎಷ್ಟು ಜನ ಒಳಗೆ ಬಂದರು, ಎಷ್ಟು ಜನ ಹೊರಗೆ ಹೋದರು ಎಂಬುದು ಅವಳ ಬೆರಳ ತುದಿಯಲ್ಲಿರುತ್ತಿತ್ತು. ಕಣ್ಣು ಮುಚ್ಚಿ ಕೇಳುತ್ತ ಬೆರಳು ಮಡಚುತ್ತಿದ್ದಳು.

“ಒಂಬತ್ತಾತು” ಎಂದಳು. “ಇನ್ನೊಂದು?”

“ಒಂಬತ್ತೇ ಅವ ಅಮ್ಮ” ಎಂದ ವರದ.

“ನನ್ನ ಮುಂದ ಆಟಾ ಹಚ್ಚಬ್ಯಾಡ. ಕನ್ನಡದ್ದು ಎಲ್ಲದ? ನನ್ನ ಹಾಡು?”

ವರದ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಅಷ್ಟಾದರೂ ಸಮಾಧಾನವಾಗುತ್ತಿತ್ತು.

“ನಾನಽ ತಗಿಸೀನಿ ಅಕ್ಕ” ಎಂದೆ.

“ನೀನಾ? ಶಾಸ್ತ್ರಕ್ಕ ಒಂದು ಎಳಿ ಕತ್ತರಸೋ ಅಂದ್ರ ಅರ್ಧ ತಲಿ ಬೋಳು ಮಾಡಿದಾಂವ. ನಿನ್ನ ಕೈಯಾಗ ಕತ್ರಿ ಕೊಟ್ಟವ್ರಿಗೆ ಬುದ್ಧಿಲ್ಲ.” ಮಗನಿಗೆ ಹೇಳಿದಳು, “ಹಚ್ಚೋ.”

ವರದ ಫೋನಿನಿಂದ ಹತ್ತನೆಯದನ್ನು ಹಾಕಿದ. ಅನಿಕೇತ ತನ್ನ ಹೆಸರು ಬಂದ ಕೂಡಲೆ ತಲೆ ತಗ್ಗಿಸಿದ. ಹಾಡು ಮುಗಿದು ಮೌನ ಬಂತು, ಮೌನದೊಳಗೆ ಟಣ್ ಎಂದಿತು.

“ಅದು ನಾನು” ಎಂದಳು ಅಕ್ಕ. “ಚಾ ಇಟ್ಟದ್ದು. ಮಧ್ಯಾಹ್ನ ನಾ ನಿದ್ದಿ ಹೊಡೀತೀನಿ ಅಂತ ತಿಳ್ಕೊಂಡೀರಿ ಎಲ್ಲಾರೂ. ಮಗಾ ಮತ್ತ ಹಾಡ್ಲಿಕತ್ತಾನಂದ್ರ ನಿದ್ದಿ ಹೆಂಗ ಬರ್ತದ? ಬಾಗಲಾ ಬಡೀಲಿಲ್ಲ. ಅಲ್ಲೇ ಕುಂತು ದಿನಾ ಕೇಳೀನಿ.”

ನಾನು ದೋಷವೆಂದು ಗುರುತು ಹಾಕಿದ ಸದ್ದೇ ಸಾಕ್ಷಿಯಾಗಿತ್ತು. ಕೈಯಲ್ಲಿದ್ದ ಸಾಕ್ಷಿಯನ್ನು ತಪ್ಪೆಂದು ಹೊಡೆದುಹಾಕುವುದು ನಮ್ಮಂಥ ಮೇಜಿನವರಿಗೆ ಮಾತ್ರ ಸಾಧ್ಯ. ಅಕ್ಕನಿಗೆ ಗೊತ್ತಾಗದಿರಲಿ ಎಂದು ನಾನು ಕತ್ತರಿಸಿದ್ದು, ಇಡೀ ಆಲ್ಬಮ್ಮಿನಲ್ಲಿ ಅಕ್ಕ ಇದ್ದ ಒಂದೇ ಹಾಡನ್ನು.

ಅವಳು ಅನಿಕೇತನ ಕಡೆ ತಿರುಗಿದಳು. “ಇವಂದು ಹನ್ನೊಂದು ತಿಂಗಳ ಹಾಜರಿ ನನ್ನ ಹತ್ರ ಅದ. ಒಂದ್ ದಿನಾ ರಜಾ ಇಲ್ಲ. ಕಾಯ್ ರೇ, ಖರಂ ನಾ?” ನಿಜ ತಾನೇ ಎಂದು ಅವನ ಮರಾಠಿಯಲ್ಲೇ ಕೇಳಿದಳು.

“ಹೋ ಕಾಕೂ” ಎಂದು ಹೂಂಗುಟ್ಟಿದ ಅನಿಕೇತ. ಮರಾಠಿಯಲ್ಲೇ ಮೆಲ್ಲಗೆ ಸೇರಿಸಿದ, ಒಂದು ದಿನ ಮಳೆಗೆ ತಡವಾಗಿತ್ತು ಎಂದು.

“ಅವತ್ತ ಅರ್ಧಾ ದಿನಾ ಹಾಕೀನಿ” ಎಂದಳು ಅಕ್ಕ.

ವರದ ನಕ್ಕ. ಎರಡು ವರ್ಷದಲ್ಲಿ ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ. ನಗುತ್ತಲೇ ಕಣ್ಣೊರೆಸಿಕೊಂಡ. ಅಕ್ಕ ಎದ್ದು ಅವನ ತಲೆಯ ಮೇಲೆ ಕೈಯಿಟ್ಟಳು, ನಾನು ಹಿಂದೊಮ್ಮೆ ಬೋಳು ಮಾಡಿದ ಪಕ್ಕಕ್ಕೆ. ಆಮೇಲೆ ಯಾರಿಗೋ ಹೇಳಿದಂತೆ ಹೇಳಿದಳು, “ಊರವ್ರು ಕೇಳಿದ್ರ ಏನ್ ಹೇಳೂದು, ನನಗೂ ಭಾಳ ತಿಳಿಯಂಗಿಲ್ಲ. ಕಾಮಣಿ ಅಂತ ಮಾತ್ರ ಹೇಳಬ್ಯಾಡ್ರಿ.”

ಪತ್ರಿಕೆಯಲ್ಲಿ ತಪ್ಪು ಅಚ್ಚಾದರೆ ತಿದ್ದುಪಡಿ ಹಾಕುವುದಕ್ಕೆ ಒಂದು ಶಿಸ್ತಿದೆ. ತಪ್ಪು ಯಾವ ಪುಟದಲ್ಲಿ ಬಂತೋ ಅದೇ ಪುಟದಲ್ಲಿ, ನೆಪ ಹೇಳದೆ, ನೇರವಾಗಿ ಹಾಕಬೇಕು. ಆಲ್ಬಮ್ ಹತ್ತು ಹಾಡುಗಳೊಂದಿಗೆ ಹೊರಬಂದ ದಿನ ಅಕ್ಕನ ಮನೆಯಲ್ಲಿ ವರದ ನನ್ನ ಮುಂದೆ ನನ್ನದೇ ಫೋನ್ ಹಿಡಿದು, “ಮಾಮಾ, ಸುಳ್ಳು ಸುದ್ದಿ ನಿಮ್ಮದು, ತಿದ್ದುಪಡೀನೂ ನಿಮ್ಮದಽ” ಎಂದ. ಅದೇ ಕುಟುಂಬದ ಗುಂಪಿನಲ್ಲಿ ಬರೆದೆ:

‘ತಿದ್ದುಪಡಿ. ಎರಡು ವರ್ಷದ ಹಿಂದೆ ವರದನಿಗೆ ಕಾಮಣಿ ಎಂದು ನಾನು ತಿಳಿಸಿದ್ದು ತಪ್ಪು. ಅವನ ಮನಸ್ಸಿಗೆ ಕಾಯಿಲೆಯಾಗಿತ್ತು. ಔಷಧ ತೆಗೆದುಕೊಳ್ಳುತ್ತಿದ್ದಾನೆ, ಹಾಡುತ್ತಿದ್ದಾನೆ. ಹತ್ತನೆಯ ಹಾಡಿನಲ್ಲಿ ಹೆಸರಿರುವ ಅನಿಕೇತ ಅವನ ಜೊತೆಗಾರ. ದಯವಿಟ್ಟು ಕೊನೆಯವರೆಗೆ ಕೇಳಿ. ತಪ್ಪಿಗೆ ವಿಷಾದಿಸುತ್ತೇನೆ.’

ಬರೆದು ಮುಗಿಸಿದ ಮೇಲೆ ಬೆರಳು ತಾನಾಗಿ ಕೊನೆಯ ಸಾಲುಗಳ ಕಡೆಗೆ ಹೋಯಿತು. “ಕೈ ತಗೀರಿ ಮಾಮಾ” ಎಂದು ವರದ ತಾನೇ ಕಳಿಸಿಬಿಟ್ಟ.

ನೋಡಿದ್ದಾರೆ ಎಂಬ ಗುರುತುಗಳು ಮಾತ್ರ ಒಂದೊಂದಾಗಿ ಬೀಳುತ್ತಿದ್ದವು. ಕೆಲವರು ಇಂದಿಗೂ ಏನೂ ಬರೆದಿಲ್ಲ. ಒಂದು ಗಂಟೆಗೆ ಊರಿನ ಅಂಗಡಿಗಳು ಬಾಗಿಲು ಹಾಕಿದವು, ನಾಲ್ಕಕ್ಕೆ ತೆರೆದವು. ತೆರೆಯುವ ಹೊತ್ತಿಗೆ ಇಂದಾಪುರದಿಂದ ಒಂದು ಧ್ವನಿ ಬಂತು. ಶಾರದಾ ಮೌಶಿಯದು. ಹಿನ್ನೆಲೆಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಹೋಗುತ್ತಿತ್ತು.

“ಹಾಡು ಕೇಳೀನಿ. ಎರಡ್ ಸಲ ಪೂರಾ ಕೇಳಿದೆ. ಅಲ್ಲವ್ವಾ, ಆ ಹುಡುಗಾ ಅಷ್ಟೊತ್ತು ಬಾಗಲಾ ತಗೀಲಿಲ್ಲಂದ್ರ, ಚಾ ಆರಲಿಲ್ಲೇನು?”

ಅಕ್ಕ ಫೋನನ್ನು ನನ್ನ ಕೈಯಿಂದ ಕಸಿದುಕೊಂಡು, ಬಾಯಿಗೆ ತೀರ ಹತ್ತಿರ ಹಿಡಿದು ಹೇಳಿದಳು:

“ಬಶಿ ಮುಚ್ಚಿದ್ದೆ ಮೌಶಿ.”