ಮಹಾದೇವಿಯ ನಿದ್ದೆ ಕೆಡಿಸಿದವರಾರು?

“ಮಾಸ್ತರ, ನಾಳಿಯಿಂದ ನನ್ನ ಮಗಳ ಸಾಲಿ ಬಂದ್!”

ಹೋದ ರವಿವಾರ ಬೆಳಿಗ್ಗೆ ನಾನಿನ್ನೂ ಚಹಾ ಕುಡಿದಿರಲಿಲ್ಲ. ಪಕ್ಕದ ಮನೆಯ ನೇಕಾರ ಸಂಗಪ್ಪ ಕೈಯಲ್ಲೊಂದು ನೂಲು ಸುತ್ತಿದ ಕಂಡಿಕೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ಹಿಂದೆ ಮಗಳು ಮಹಾದೇವಿ, ತಲೆ ತಗ್ಗಿಸಿಕೊಂಡು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಇನ್ನು ಒಂದೇ ತಿಂಗಳು.

ಇಳಕಲ್ಲಿನ ಮಗ್ಗದ ಮನೆಗಳಲ್ಲಿ ಹುಡುಗಿಯರು ಶಾಲೆಗೆ ಹೋಗುವ ಮೊದಲು ಅಪ್ಪನ ಲಾಳಿಗೆ ನೂಲಿನ ಕಂಡಿಕೆ ಸುತ್ತಿಕೊಡಬೇಕು. ಮಹಾದೇವಿ ತೂಕಡಿಸುತ್ತ ಸುತ್ತಿದ್ದಳು. ಸುತ್ತು ಸಡಿಲ. ಲಾಳಿ ಹೊಡೆದಾಗೆಲ್ಲ ಎಳೆ ಹರಿಯುತ್ತಿತ್ತು.

“ರಾತ್ರಿ ಓದ್ತಾಳ್ರಿ. ಓದು ನಿದ್ದಿ ತಿಂತೈತಿ. ಕಣ್ಣಾಗ ನಿದ್ದಿ ಇಟಗೊಂಡು ಕಂಡಿಕಿ ಸುತ್ತಿದ್ರ ನಾ ಸೀರಿ ನೇಯೂದು ಹ್ಯಾಂಗ?”

ಓದಿನ ಮೇಲೆ ಆರೋಪ ಬಂದರೆ ನಾನು ಸುಮ್ಮನಿರುವವನೇ? (ನಮ್ಮ ಮನೆತನದಲ್ಲಿ ಮೊದಲ ಬಿ.ಎ. ನಾನು. ಇದನ್ನು ಈ ಅಂಕಣದಲ್ಲಿ ಹತ್ತು ಸಲವಾದರೂ ಓದಿದ್ದೀರಿ. ಹನ್ನೊಂದನೆಯ ಸಲವೂ ಓದಿ.) ಭಾಷಣ ಶುರು ಮಾಡಿದೆ. ನಮ್ಮ ಹಳ್ಳಿ ಮರೋಳದಲ್ಲಿ ಕಂದೀಲಿನ ಬೆಳಕಿಗೆ ಓದಿದವನು ನಾನು. ಅರ್ಥಶಾಸ್ತ್ರದ ಎರಡು ಪುಟ ಮುಗಿಯುವುದರೊಳಗೆ ಪುಸ್ತಕ ಮುಖದ ಮೇಲೆ ಬಿದ್ದಿರುತ್ತಿತ್ತು. ಅವ್ವ ಬಂದು ಕಂದೀಲು ಸಣ್ಣ ಮಾಡುತ್ತಿದ್ದಳು. ಪುಸ್ತಕ ನಿದ್ದೆ ತರುತ್ತದೆಯೇ ಹೊರತು ಕೆಡಿಸುವುದಿಲ್ಲ!

“ಹಂಗಾರ ಇಕಿ ನಿದ್ದಿ ಎಲ್ಲಿ ಹೋತು?” ಸಂಗಪ್ಪ ಬಿಡಲಿಲ್ಲ.

ಮಹಾದೇವಿ ಆಗ ತಲೆ ಎತ್ತಿದಳು. “ಕಾಕಾ, ನಾ ಒಂಬತ್ತಕ್ಕ ಪುಸ್ತಕ ಮುಚ್ಚತೇನ್ರಿ. ನಿಮ್ಮ ಟೀವಿ ಬಂದ್ ಆಗೂದು ಹನ್ನೊಂದಕ್ಕ. ನಡುವ ಗ್ವಾಡಿ ಒಂದ ಐತಲ್ರಿ?”

ಒಳಗಿನಿಂದ ನನ್ನ ಹೆಂಡತಿ ನಕ್ಕಳು. “ಬಿ.ಎ. ಸಾಹೇಬ್ರ, ಉತ್ತರಾ ಕೊಡ್ರಿ!”

ಎರಡೂ ಮನೆಗೆ ನಡುವೆ ಒಂದೇ ಗೋಡೆ. ನಮ್ಮ ಓಣಿಗೆಲ್ಲ ಒಂದೇ ಟೀವಿ, ಅದು ನನ್ನದು. ಅರ್ಧ ತಿಳಿಯದ ಹಿಂದಿ ವಾರ್ತೆಯನ್ನೂ ಬಿಡದೆ ನೋಡುತ್ತೇವೆ. ಪಡಸಾಲೆ ತುಂಬ ಜನ. ಎಲ್ಲರಿಗಿಂತ ಮೊದಲು ಬಂದು ಮುಂದಿನ ಸಾಲು ಹಿಡಿಯುವ ಖಾಯಂ ಗಿರಾಕಿ ಯಾರು? ಸಂಗಪ್ಪ!

ಅವನು ಕೈಯಲ್ಲಿದ್ದ ಕಂಡಿಕೆಯನ್ನು ಹೊರಳಿಸಿ ಹೊರಳಿಸಿ ನೋಡತೊಡಗಿದ.

“ಪರೀಕ್ಷಾ ಮುಗಿಯೂತನಕ ಟೀವಿ ಒಂಬತ್ತಕ್ಕ ಬಂದ್. ಸಾಲಿ ಬಂದ್ ಇಲ್ಲ. ಆತಿಲ್ಲೋ?” ಅಂದೆ.

“ಆತ್ರಿ” ಅಂದ, ನೆಲ ನೋಡುತ್ತ.

ಮೂರೇ ದಿನ. ಕಂಡಿಕೆ ಬಿಗಿಯಾಯಿತು, ಎಳೆ ಹರಿಯುವುದು ನಿಂತಿತು. ಪುಸ್ತಕ ಮಾತ್ರ ಮೊದಲಿನಂತೆಯೇ ಒಂಬತ್ತರವರೆಗೆ ತೆರೆದಿರುತ್ತದೆ.

ಮೊನ್ನೆ ಶುಕ್ರವಾರ ಒಂಬತ್ತಕ್ಕೆ ಟೀವಿಯ ಗುಂಡಿ ತಿರುವಿದೆ. ಎಲ್ಲರೂ ಎದ್ದರು, ಸಂಗಪ್ಪ ಏಳಲಿಲ್ಲ. “ಮಾಸ್ತರ, ಇವತ್ತ ಸಿನಿಮಾ ಐತಂತ. ಸಪ್ಪಳಾ ಸಣ್ಣ ಮಾಡಿ ಹಚ್ರಲಾ!”

“ಮಗಳನ್ನ ಕೇಳಿ ಬಾರಪಾ.”

ಬಾಗಿಲ ತನಕ ಹೋದ. ಒಂದು ಗಳಿಗೆ ನಿಂತ. ತಲೆ ಕೆರೆದುಕೊಂಡು, ಕೇಳದೆಯೇ ತಿರುಗಿ ಬಂದ. (ಅವಳು ಹೂಂ ಅಂದರೆ ಚಲೋ ಅಂತ ನನಗೂ ಅನಿಸಿತ್ತು. ಸುಳ್ಳು ಯಾಕೆ ಹೇಳಲಿ?)

ಮಗಳ ಶಾಲೆಯನ್ನು ಒಂದೇ ಮಾತಿಗೆ ಬಿಡಿಸಲು ಹೊರಟವರಿಗೆ, ಒಂದು ಸಿನಿಮಾ ಬಿಡುವುದು ಇಷ್ಟು ಕಷ್ಟವೇ?