ಎಣ್ಣೆ ಕುಡಿದ ಬ್ರೇಕ್ ಪ್ಯಾಡು

ನಮ್ಮ ಯಜಮಾನರು ಮೇಟಗಳ್ಳಿಯ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ತಂದರು. ಹಗುರವಾದ, ನೆಲಕ್ಕೆ ಅಂಟಿಕೊಂಡಂಥ ಗಾಡಿ. ಅದರೊಳಗೆ ಕೂರುವುದು ನನ್ನ ಮಂಡಿಗೆ ಒಂದು ಶಿಕ್ಷೆ, ಏಳುವುದು ಇನ್ನೊಂದು. ಆದರೂ ಪ್ರತಿ ಮಂಗಳವಾರ ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಬಸ್ಸಿನಲ್ಲಿ ನಿಲ್ಲುವುದು ತಪ್ಪಿತಲ್ಲ, ತಾಯಿ ಚಾಮುಂಡಿಯ ದಯೆ ಎಂದುಕೊಂಡು ಕೂರುತ್ತಿದ್ದೆ.

ಈ ಸಲ ಆಯುಧಪೂಜೆ ಕಳೆದ ಮೇಲೆ ದರ್ಶನ ಮಾಡಿ ಇಳಿಯುತ್ತಿದ್ದಾಗ ಬ್ರೇಕ್ ಸರಿಯಾಗಿ ಹಿಡಿಯಲಿಲ್ಲ. ಎಷ್ಟು ಒತ್ತಿದರೂ ಗಾಡಿ ಜಾರಿಕೊಂಡೇ ಹೋಯಿತು. ತಿರುವಿನಲ್ಲಿ ಮುಂದಿದ್ದ ಆಟೋ ತೀರಾ ಹತ್ತಿರ ಬಂತು. ಅವರು ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹೇಗೋ ಪಕ್ಕಕ್ಕೆ ನಿಲ್ಲಿಸಿದರು. ಪ್ರಸಾದದ ಪೊಟ್ಟಣ ನನ್ನ ಕಾಲ ಬಳಿ ಬಿದ್ದಿತ್ತು. ಆಟೋದವನಿಗೆ ಏನೂ ಗೊತ್ತಾಗಲೇ ಇಲ್ಲ.

"ಪ್ಯಾಡ್ ಸವ್ದಿರ್ಬೇಕು ಕಣೇ," ಎಂದರು.

"ಏನಾದ್ರೂ ಆಗಿರ್ಲಿ. ಇದು ಸರಿಹೋಗೋ ತನಕ ನಾನು ಈ ಗಾಡೀಲಿ ಕೂರಲ್ಲ ಕಣ್ರೀ," ಎಂದು ಇಳಿದು ಬಸ್ಸಿಗೆ ಕೈ ಅಡ್ಡ ಹಾಕಿದೆ.

ಮೆಕ್ಯಾನಿಕ್ಕು ಗಾಡಿಯನ್ನು ಎಳೆಸಿಕೊಂಡು ಹೋಗಿ, ಮರುದಿನ ನಾವಿಬ್ಬರೂ ಗ್ಯಾರೇಜಿಗೆ ಹೋದಾಗ ಚಕ್ರ ಬಿಚ್ಚಿದ. "ಸಾರ್, ಪ್ಯಾಡ್ ಸವ್ದಿಲ್ಲ, ಎಣ್ಣೆ ಕುಡ್ದಿದೆ. ಡಿಸ್ಕಿಗೆ ಏನಾದ್ರೂ ಹಚ್ಚಿದ್ರಾ?"

ಯಜಮಾನರು ಆಕಾಶ ನೋಡಿದರು. ಕಾರ್ಖಾನೆಯಲ್ಲಿ ಆಯುಧಪೂಜೆಗೆ ಬರಿ ಉಕ್ಕು ಕಂಡಲ್ಲೆಲ್ಲ ಎಣ್ಣೆ ಬಟ್ಟೆಯಿಂದ ಒರೆಸಿ ವಿಭೂತಿ ಬಳಿಯುವುದು ಪದ್ಧತಿ. ಆ ಕೈ ಸುಮ್ಮನಿರುತ್ತದೆಯೇ? ಕಾರಿನ ಪೂಜೆಯಲ್ಲೂ ಚಕ್ರದ ಸಂದಿಯಲ್ಲಿ ಕೈ ತೂರಿಸಿ, ಪ್ಯಾಡು ಕಚ್ಚಿ ಹಿಡಿಯುವ ಬ್ರೇಕ್ ಡಿಸ್ಕಿಗೂ ಎಣ್ಣೆ ಸವರಿದ್ದರು.

"ದೀಪಕ್ಕೆ ಹಾಕಿದ್ದ ಎಣ್ಣೆ ಸಾಕಾಗಿತ್ತು ಬುಡಿ," ಎಂದೆ. ಜಗಳ ಆಡುವಷ್ಟು ತ್ರಾಣ ಇರಲಿಲ್ಲ.

ಅವರು ಅಂಗಡಿಯಲ್ಲಿ ಕಾರಿನ ಹೆಸರು ಹೇಳಿ ಒಂದು ಜೊತೆ ಹೊಸ ಪ್ಯಾಡು ತಂದರು. ಅದು ಕೂರಲಿಲ್ಲ. ಪ್ಯಾಡನ್ನು ಹಿಡಿದಿಡುವ ಕ್ಯಾಲಿಪರನ್ನೇ ಹಿಂದಿನ ಮಾಲೀಕರು ಬದಲಾಯಿಸಿದ್ದರಂತೆ. ಕುಕ್ಕರಿನ ಗ್ಯಾಸ್ಕೆಟ್ ತರಲು ಹಳೆಯದನ್ನು ಹಿಡಿದುಕೊಂಡೇ ಹೋಗುವವಳು ನಾನು. ಹಳೆಯ ಪ್ಯಾಡನ್ನು ಪೇಪರಿನಲ್ಲಿ ಸುತ್ತಿ, ಅವರ ಜೊತೆ ನಾನೇ ಆಟೋ ಹತ್ತಿದೆ.

ಅಂಗಡಿಯವರು ಹಳೆಯದರ ಆಕಾರ, ದಪ್ಪ, ಕಿವಿಯಂತೆ ಚಾಚಿದ ತುದಿ ಎಲ್ಲ ಜೋಡಿಸಿ ನೋಡಿ ಎರಡು ಬಗೆ ಮುಂದಿಟ್ಟರು. "ಇದು ರೇಸಿಗೆ ಸಾರ್. ಚೆನ್ನಾಗಿ ಕಾದ್ಮೇಲೆ ಗಟ್ಟಿ ಹಿಡಿಯುತ್ತೆ. ಇದು ರೋಡಿಗೆ."

ಯಜಮಾನರ ಕೈ ರೇಸಿನದರ ಮೇಲೇ ಹೋಯಿತು. "ಬೆಟ್ಟ ಇಳೀವಾಗ ಕಾಯುತ್ತಲ್ಲ?"

"ಹಗುರ ಗಾಡಿ ಸಾರ್, ಅಷ್ಟು ಕಾಯಲ್ಲ."

"ಅಣ್ಣಾ, ತಣ್ಣಗಿದ್ದಾಗ, ಮೊದಲ್ನೇ ತಿರುವಲ್ಲೇ ಹಿಡಿಯೋದು ಯಾವುದು?" ಎಂದು ಕೇಳಿದೆ.

"ರೋಡಿಂದೇ ಅಮ್ಮ."

"ಅದನ್ನೇ ಕೊಡಿ."

"ಸ್ಪೋರ್ಟ್ಸ್ ಕಾರಿಗೆ ಮುದುಕರ ಪ್ಯಾಡಾ!"

"ಓಡ್ಸೋರು ಯಾರು ಮತ್ತೆ?"

ಅಂಗಡಿಯವರು ನಗು ತಡೆಯಲಾರದೆ ಆ ಕಡೆ ತಿರುಗಿದರು.

ಡಿಸ್ಕು ಚೆನ್ನಾಗಿ ತೊಳೆಸಿ ಹೊಸ ಪ್ಯಾಡು ಹಾಕಿಸಿದ್ದಾಯಿತು. ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಲಿ ಎಂದು ಅವರೊಬ್ಬರೇ ರಿಂಗ್ ರೋಡಿನಲ್ಲಿ ಓಡಿಸಿ, ನಿಧಾನ ಮಾಡಿ, ಮತ್ತೆ ಓಡಿಸಿ ಬಂದರು. ಮಂಗಳವಾರ ಬೆಳಿಗ್ಗೆ ನನ್ನ ಕಡೆಯ ಬಾಗಿಲು ತೆರೆದು ನಿಂತರು. ಮಾತು ಕೊಟ್ಟವಳು ನಾನು, ಸರಿಹೋಗೋ ತನಕ ಎಂದಿದ್ದೆ. ಕೂತೆ.

ದರ್ಶನವಾಗಿ ಇಳಿಯುವಾಗ ಬಾಗಿಲಿನ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದೆ. ಶಿವ ಶಿವಾ ಎನ್ನುವಷ್ಟರಲ್ಲಿ ತಿರುವು ಬಂತು. ಅವರು ಒತ್ತಿದರು. ಗಾಡಿ ಹೇಳಿದ ಮಾತು ಕೇಳುವ ಹಸುವಿನಂತೆ ನಿಧಾನವಾಯಿತು.

"ಹಿಡೀತಾ?" ಎಂದು ನನ್ನ ಕಡೆ ತಿರುಗಿದರು.

"ಹಿಡೀತು. ನನ್ನ ಮುಖ ನೋಡ್ಬೇಡಿ, ರಸ್ತೆ ನೋಡಿ."