ಬೋಂಡದ ಪೇಪರಿನ ವಾರ್ತೆ

ನಿನ್ನೆ ಸಂಜೆ ಅಶೋಕಪುರಂನಲ್ಲಿ ಬೋಂಡ ಕಟ್ಟಿಸಿಕೊಂಡೆ. ಬಿಸಿ ಎಣ್ಣೆ ಹೀರಿದ ಪೇಪರಿನ ವಾಸನೆಗೆ ಹಳೇ ನಾಚಿಕೆಯೊಂದು ಎದ್ದು ಕೂತಿತು.

ಹಳ್ಳಿ ಬಿಟ್ಟು ಮೈಸೂರಿಗೆ ಬಂದ ಹೊಸತು. ಅಪ್ಪ ಯಾದವಗಿರಿಯ ಬಂಗಲೆಯೊಂದರಲ್ಲಿ ತೋಟದ ಕೆಲಸಕ್ಕಿದ್ದರು. ನನ್ನ ಶಾಲೆಯಲ್ಲಿ ಪ್ರಾರ್ಥನೆಯಾದ ಮೇಲೆ ದಿನಕ್ಕೊಬ್ಬರು ಪೇಪರಿನ ವಾರ್ತೆ ಓದಬೇಕಿತ್ತು. ನಮ್ಮ ಮನೆಗೆ ಪೇಪರ್ ಬರುತ್ತಿದ್ದುದು ಬೋಂಡ ಸುತ್ತಿಕೊಂಡು ಮಾತ್ರ. ನನ್ನ ಸರದಿ ಬಂದಾಗ ಅವ್ವ ಅಂಥದ್ದೊಂದು ಪೇಪರಿನ ಮೇಲೆ ರಾಗಿಹಿಟ್ಟು ಉದುರಿಸಿ ಎಣ್ಣೆ ತೆಗೆದಳು. ಓದಲು ಬಾರದ ಅಪ್ಪ ಅಂಗೈಯಲ್ಲಿ ನೀವಿ ನೀವಿ ಮಡಿಕೆ ಬಿಡಿಸಿದರು.

"ದಸರಾ ಆನೆಗಳು ನಾಳೆ ಮೈಸೂರಿಗೆ ಬರಲಿವೆ," ಎಂದು ಗಟ್ಟಿಯಾಗಿ ಓದಿದೆ. ದಸರಾ ಮುಗಿದಿದೆಯಲ್ಲ ಎಂಬ ಅನುಮಾನ ಬಂದರೂ, ಅಚ್ಚಾದದ್ದು ಸುಳ್ಳಾಗದು ಎಂದುಕೊಂಡಿದ್ದೆ.

"ಆನೆ ವಾಪಸ್ ಬಂದ್ಬುಟ್ಟವಂತೆ ಕಣ್ರೋ!" ಎಂದು ಸಾಲಿನಿಂದ ಯಾರೋ ಕೂಗಿದರು.

ಮೇಷ್ಟ್ರೂ ನಗುತ್ತಾ, "ಯಾಕೋ, ನಿಮ್ಮನೇಲಿ ಪೇಪರ್ ತರ್ಸಲ್ವೇನೋ?" ಅಂದರು.

"ತರ್ಸ್ತೀವಿ ಸಾ, ಬೋಂಡ ತಂದಾಗ," ಅಂದೆ. ಇಡೀ ಮೈದಾನ ನಕ್ಕಿತು.

ಸಂಜೆ ಅಪ್ಪ ಬಾಗಿಲಲ್ಲೇ ಕಾದಿದ್ದರು. "ಎಂಗೆ ಓದ್ದೆ ಮಗ? ಎಲ್ರೂ ಕೇಳುದ್ರಾ?"

"ಕೇಳುದ್ರು ಕಣಪ್ಪ," ಅಂದೆ.

ಆಮೇಲೆ ಉತ್ತರ ಗೊತ್ತಿದ್ದರೂ ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಮೇಷ್ಟ್ರು ದಡ್ಡನೆಂದುಕೊಂಡು ಹಿಂದಿನ ಬೆಂಚಿಗೆ ಕಳಿಸಿದರು. ಅಂಕಗಳೂ ನನ್ನ ಜೊತೆ ಹಿಂದೆ ಬಿದ್ದವು.

ಇವತ್ತು ಮಗಳ ಶಾಲೆಯಲ್ಲಿ ಪೋಷಕರ ಸಭೆಯಿತ್ತು. ಅವಳನ್ನು ಯಾಕೆ ಹಿಂದಕ್ಕೆ ಕೂರಿಸಿದ್ದೀರಿ ಎಂದು ಕೇಳಲೆಂದೇ ಹೋಗಿದ್ದೆ.

"ಏನಾದ್ರೂ ಕೇಳೋದಿದ್ಯಾ ಸಾರ್?" ಎಂದರು ಟೀಚರ್.

ಮಗಳು ಮೊಣಕೈಯಿಂದ ತಿವಿದು, "ಕೇಳಪ್ಪಾ," ಅಂದಳು.

ಏನೂ ಇಲ್ಲವೆಂದು ತಲೆಯಾಡಿಸಿ, ಅವಳ ಬ್ಯಾಗ್ ಎತ್ತಿಕೊಂಡು ಹೊರಗೆ ಬಂದೆ.